ಬಿಸಿಲುಹಾಳೆ

ಮೊದಲ ಸಲ ಎಣಿಸಿದಾಗ ಹೊಂಬಣ್ಣದ ಚುಕ್ಕೆಗಳು ಹನ್ನೊಂದಿದ್ದವು.

ನಿಯಂತ್ರಣ ಕೊಠಡಿಯ ಗೋಡೆಯಗಲದ ಪರದೆಯಲ್ಲಿ ಇಡೀ ಚಳ್ಳಕೆರೆ ಒಂದು ನಕ್ಷೆಯಾಗಿ ಹರಡಿರುತ್ತದೆ. ಒಂದೊಂದು ತಾರಸಿಗೆ ಒಂದೊಂದು ಚುಕ್ಕೆ. ಅದರ ಮೇಲೆ ಅಂಟಿಸಿದ ಬಿಸಿಲುಹಾಳೆ ಕೊಡಬೇಕಾದಷ್ಟು ವಿದ್ಯುತ್ ಕೊಟ್ಟರೆ ಹಸಿರು, ಕಡಿಮೆಯಾದರೆ ಕೆಂಪು. ಕೊಡಬೇಕಾದ್ದಕ್ಕಿಂತ ಹೆಚ್ಚು ಕೊಟ್ಟರೆ ಹೊಂಬಣ್ಣ ಎಂದು ತಂತ್ರಾಂಶ ಬರೆದವರು ಯಾರೋ ಸುಮ್ಮನೆ ಸೇರಿಸಿಟ್ಟಿದ್ದರು. ಆ ಬಣ್ಣವನ್ನು ನಾವ್ಯಾರೂ ನೋಡಿರಲಿಲ್ಲ. ಸೌರಕೋಶ ಹಳತಾದಷ್ಟೂ ಸೊರಗುತ್ತದೆ. ಚಿಗುರುವುದಿಲ್ಲ.

"ಮೇಡಂ, ಇವಕ್ಕೆ ವಯಸ್ಸು ಹಿಂದಕ್ಕೆ ಹೋಗ್ತಿದೆ," ಎಂದ ಇಮ್ತಿಯಾಜ್. ಹಗಲು ಪಾಳಿಯಲ್ಲಿ ಪರದೆಯ ಮುಂದೆ ಕೂರುವವನು ಅವನು. "ನಮ್ಮ ಮನೆ ಹಾಳೆ ಮಾತ್ರ ನನ್ನ ಥರಾನೇ. ದಿನಾ ಒಂದಿಷ್ಟು ಸವೀತಾನೇ ಇದೆ."

ನನಗೆ ನಗು ಬರಲಿಲ್ಲ. ಕಾರಣ ತಿಳಿಯದ ಒಳ್ಳೆಯ ಸುದ್ದಿ ನನಗೆ ಯಾವಾಗಲೂ ಅರ್ಧ ತೆರೆದ ಬಾಗಿಲಿನ ಹಾಗೆ ಕಾಣುತ್ತದೆ. ಅದೂ ಅಲ್ಲದೆ, ಆ ಹಾಳೆಯೊಳಗಿನ ಒಂದು ಪದರ ನನ್ನದು.

ಪೆರೋವ್‌ಸ್ಕೈಟ್ ಎಂಬ ಹರಳನ್ನು ಶಾಯಿಯಂತೆ ಹಾಳೆಯ ಮೇಲೆ ಬಳಿಯಬಹುದು. ಬಿಸಿಲನ್ನು ವಿದ್ಯುತ್ ಮಾಡುವುದರಲ್ಲಿ ಅದು ಸಿಲಿಕಾನ್‌ಗೆ ಸೋಲುವುದಿಲ್ಲ. ಆದರೆ ಹರಳೂ ಅದರ ಪಕ್ಕದ ಪದರವೂ ಕೂಡುವ ಗಡಿಯಲ್ಲಿ ಅಷ್ಟಿಷ್ಟು ವಿದ್ಯುತ್ ಸೋರಿಹೋಗುತ್ತದೆ. ಇನ್ನೊಂದು ಕೊರತೆಯೆಂದರೆ ಆ ಹರಳಿನಲ್ಲಿ ಸೀಸವಿದೆ. ನಾನು ಎಂಟು ವರ್ಷ ಕೂತು ಆ ಗಡಿಯನ್ನು ಹೊಸದಾಗಿ ಕಟ್ಟಿದೆ. ಕೂದಲೆಳೆಯ ಸಾವಿರದಲ್ಲೊಂದು ಪಾಲು ದಪ್ಪದ ಸೂಜಿಗಳ ಕಾಡು. ಪ್ರತಿ ಸೂಜಿಯ ತುದಿಯಲ್ಲೂ ಏಡಿಯ ಕೊಂಡಿಯಂಥ ಒಂದು ಅಣು. ಸೂಜಿಗಳು ವಿದ್ಯುತ್ತನ್ನು ಬೇಗ ದಾಟಿಸುತ್ತವೆ. ಹರಳು ಎಲ್ಲಾದರೂ ಒಡೆದರೆ ಹೊರಬರುವ ಸೀಸವನ್ನು ಕೊಂಡಿಗಳು ಕಚ್ಚಿ ಹಿಡಿಯುತ್ತವೆ. ಮಳೆ, ಆಲಿಕಲ್ಲು, ಹಕ್ಕಿಯ ಹಿಕ್ಕೆ, ಉಪ್ಪು, ಹುಳಿ, ಎಂಬತ್ತು ಡಿಗ್ರಿ ಕಾವು, ಎಲ್ಲವನ್ನೂ ಒಂದೊಂದಾಗಿ ಪರೀಕ್ಷಿಸಿದ್ದೆ. ಒಂದು ಸಲವೂ ಕೊಂಡಿ ಬಾಯಿ ಬಿಟ್ಟಿರಲಿಲ್ಲ.

ಮೂರು ವರ್ಷದ ಹಿಂದೆ ಊರಿನ ಸಾವಿರಾರು ತಾರಸಿಗಳಿಗೆ ಆ ಹಾಳೆ ಅಂಟಿತು. ಗೋಡೆಯಿಂದ ಗೋಡೆಗೆ ಒಂದೇ ಕಪ್ಪು ಹಾಸು. ಬರಿಗಾಲಲ್ಲಿ ಓಡಾಡಬಹುದು, ಭಾರ ಇಡಬಾರದು ಎಂದು ಮನೆಗೊಂದು ಕೈಪಿಡಿ ಕೊಟ್ಟೆವು. ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಇಪ್ಪತ್ತಾರು ಪಾಲು ವಿದ್ಯುತ್ ಆಗಬೇಕು ಎಂಬುದು ಲೆಕ್ಕ. ಆ ಹನ್ನೊಂದು ಮನೆಗಳು ಇಪ್ಪತ್ತೆಂಟೂವರೆ ಕೊಡುತ್ತಿದ್ದವು.

ಕಂಪನಿಯ ಚಳ್ಳಕೆರೆ ಕೇಂದ್ರದ ಮುಖ್ಯಸ್ಥರಾದ ಆರಾಧ್ಯ ಸರ್ ಪರದೆಯ ಹತ್ತಿರ ಹೋಗಿ ಕನ್ನಡಕ ಹಣೆಗೇರಿಸಿ ನೋಡಿದರು. "ಸಹನಾ, ಇದು ಏನು ಅಂತ ಹುಡುಕಿ. ತಾರಸಿ ಮೇಲೆ ತಾನಾಗೇ ಆಗೋದನ್ನ ನಾವು ಕಾರ್ಖಾನೆಯಲ್ಲೇ ಮಾಡಿ ಕಳಿಸಬಹುದಲ್ಲ. ನಿಮ್ಮ ಗಡಿ ಕಣ್ರೀ ಅದು. ನಿಮ್ಮ ಮಗು."

ಮಗು ಎಂದರೆ ಆಗ ನನಗೆ ಬೇರೆಯೇ ನೆನಪಾಗುತ್ತಿತ್ತು.

* * *

ಸಂಜೆ ಮನೆಗೆ ಹೋದಾಗ ತಂಗಿ ಇಂಚರ ಅಡುಗೆಮನೆಯ ಹೊಸ್ತಿಲ ಮೇಲೆ ಕಾಲು ಚಾಚಿ ಕೂತು ಮೊಸರನ್ನ ತಿನ್ನುತ್ತಿದ್ದಳು. ಆರು ತಿಂಗಳ ಹೊಟ್ಟೆಯ ಮೇಲೆಯೇ ತಟ್ಟೆ.

"ಹೊಸ್ತಿಲ ಮೇಲೆ ಕೂರಬೇಡ ಅಂತ ಎಷ್ಟು ಸಲ ಹೇಳ್ಲಿ ಇವಳಿಗೆ," ಎಂದಳು ಅಮ್ಮ.

"ಇಲ್ಲಿ ಗಾಳಿ ಬರುತ್ತಮ್ಮ. ನಿನ್ನ ಮೊಮ್ಮಗನಿಗೂ ಇಲ್ಲೇ ಬೇಕಂತೆ." ಇಂಚರ ನನ್ನ ಕಡೆ ತಿರುಗಿದಳು. "ಅಕ್ಕ, ಇವತ್ತು ಒಳಗೆ ಒಂದೇ ಸಮ ಒದೀತಿದಾನೆ. ಕೈ ಇಡು ಬಾ."

ಕೈ ಇಟ್ಟೆ. ಅವಳನ್ನು ದಾವಣಗೆರೆಗೆ ಮದುವೆ ಮಾಡಿಕೊಟ್ಟು ನಾಲ್ಕು ವರ್ಷ. ಹಿಂದೆ ಎರಡು ಸಲ ಬಸಿರು ಮೂರನೆಯ ತಿಂಗಳಲ್ಲೇ ಹೋಗಿತ್ತು. ಎರಡನೆಯ ಸಲ ದಾವಣಗೆರೆಯ ಆಸ್ಪತ್ರೆಯ ಮಂಚದ ಮೇಲೆ ಅವಳು ಅಳಲೂ ಇಲ್ಲದೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದನ್ನು ನಾನು ನೋಡಿದ್ದೇನೆ. ಈ ಸಲ ನಿಂತದ್ದೇ ಅಮ್ಮ ಹೋಗಿ ತವರಿಗೆ ಕರೆತಂದಿದ್ದಳು. ಅಂದಿನಿಂದ ನಾನು ಮನೆಯ ಮೆಟ್ಟಿಲು ಒದ್ದೆಯಿದೆಯೇ ಎಂದು ನೋಡುತ್ತೇನೆ, ಹಾಲಿನ ದಿನಾಂಕ ಎರಡು ಸಲ ಓದುತ್ತೇನೆ, ಗ್ಯಾಸ್ ಆರಿಸಿದ್ದನ್ನು ಮತ್ತೆ ಹೋಗಿ ಮುಟ್ಟುತ್ತೇನೆ. ನೋಡಬೇಕಾದ ಕಡೆ ಮಾತ್ರ ನೋಡಿರಲಿಲ್ಲ.

"ಇನ್ನೊಂದು ಕರಿದು ಕೊಡ್ಲಾ?" ಅಮ್ಮ ಕೇಳಿದಳು.

"ಎರಡು ಕೊಡು," ಎಂದಳು ಇಂಚರ. ಬಾಣಲೆಯಲ್ಲಿ ಬಾಳಕದ ಮೆಣಸಿನಕಾಯಿ ಸಿಡಿಯಿತು.

* * *

ಹನ್ನೊಂದು ಮನೆಗಳ ಮೂರು ವರ್ಷದ ದಾಖಲೆ ತೆಗೆದಾಗ ಇಮ್ತಿಯಾಜ್‌ಗೆ ಒಂದು ವಿಷಯ ಕಂಡಿತು. ಪ್ರತಿ ಏಪ್ರಿಲ್‌ನಲ್ಲಿ ನಾಲ್ಕೈದು ದಿನ, ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ, ಆ ತಾರಸಿಗಳ ವಿದ್ಯುತ್ ತಗ್ಗುತ್ತಿತ್ತು. ಆಮೇಲೆ ಮೊದಲಿನ ಮಟ್ಟ ದಾಟಿ ಏರುತ್ತಿತ್ತು. ಮರುವರ್ಷ ಮತ್ತೆ ತಗ್ಗು, ಮತ್ತೆ ಏರು. ಈ ವರ್ಷ ಆ ಏರು ಕೊಡಬೇಕಾದ ಲೆಕ್ಕವನ್ನೂ ದಾಟಿತ್ತು.

"ಏನೋ ಹರವ್ತಾರೆ ಮೇಡಂ," ಎಂದ. "ಬಟ್ಟೆ ಆದ್ರೆ ವರ್ಷವಿಡೀ ಇರ್ಬೇಕಿತ್ತು."

ಹನ್ನೊಂದರಲ್ಲಿ ಒಂದು ನಮ್ಮ ಹಿಂದಿನ ಬೀದಿಯ ಜಯಶೀಲಕ್ಕನ ಮನೆ. ನಾವಿಬ್ಬರೂ ಅಲ್ಲಿಗೇ ಹೋದೆವು.

"ಬಾ ಬಾ ಸಹನಾ, ನಿಮ್ಮ ಹಾಳೆ ಏನೂ ಮಾಡಿಲ್ಲ ನಾವು," ಎನ್ನುತ್ತಲೇ ಜಯಶೀಲಕ್ಕ ಮೆಟ್ಟಿಲು ಹತ್ತಿಸಿದರು. "ಹೂ ಇಟ್ಟಂಗೆ ಇಟ್ಕೊಂಡಿದೀನಿ. ಚಪ್ಪಲಿ ಬಿಡಪ್ಪಾ ಇಮ್ತಿಯಾಜ. ನಿಮ್ಮ ಕಂಪನಿಯೋರೇ ಚಪ್ಪಲಿ ಮೆಟ್ಕೊಂಡು ಬರ್ತೀರಲ್ಲ!"

ಹಾಳೆ ನಿಜಕ್ಕೂ ಹೊಳೆಯುತ್ತಿತ್ತು. ದಕ್ಷಿಣದ ಅರ್ಧದಲ್ಲಿ, ಹತ್ತಾರು ಚಾಪೆಯಗಲದ ಜಾಗದಲ್ಲಿ, ಕಪ್ಪಿನ ಮೇಲೆ ಪಾರಿವಾಳದ ಕತ್ತಿನ ಮಿರುಗು.

"ಇಲ್ಲಿ ಏನು ಹಾಕ್ತೀರಕ್ಕಾ?"

"ಅಲ್ಲಿಯಾ? ಬಾಳಕ ಒಣಗಿಸ್ತೀವಿ. ಮೊದ್ಲು ಸಿಮೆಂಟಿನ ಮೇಲೆ ಹಳೇ ಪಂಚೆ ಹಾಸ್ತಿದ್ವಿ, ಮಣ್ಣು ಮಸಿ ಎಲ್ಲಾ ಹತ್ತೋದು. ಇದ್ರ ಮೇಲೆ ನೋಡು, ತಟ್ಟೆ ಇದ್ದಂಗಿದೆ. ಹಾಸೋದೂ ಬೇಡ. ಕಾವು ಎಷ್ಟಂತೀಯ! ಆರು ದಿನದ ಕೆಲ್ಸ ನಾಕು ದಿನಕ್ಕೆ ಮುಗೀತದೆ."

ಬಾಳಕ ಮಾಡುವ ಕ್ರಮ ನನಗೆ ಗೊತ್ತಿಲ್ಲದ್ದೇನಲ್ಲ. ಸೀಳಿದ ಮೆಣಸಿನಕಾಯನ್ನು ಉಪ್ಪು ಬೆರೆಸಿದ ಹುಳಿ ಮಜ್ಜಿಗೆಯಲ್ಲಿ ನೆನೆಹಾಕುತ್ತಾರೆ. ಬೆಳಗ್ಗೆ ತೆಗೆದು ಬಿಸಿಲಿಗೆ ಹರವುತ್ತಾರೆ. ಸಂಜೆ ಅವನ್ನು ಬಳಿದು ಅದೇ ಮಜ್ಜಿಗೆಗೆ ಮರಳಿ ಹಾಕುತ್ತಾರೆ. ಮರುದಿನ ಮತ್ತೆ ಬಿಸಿಲು, ಮತ್ತೆ ಅದೇ ಮಜ್ಜಿಗೆ. ಕೊನೆಯ ತೊಟ್ಟೂ ಕಾಯೊಳಗೆ ಇಂಗುವವರೆಗೆ. ಆದರೂ ಕೇಳಿದೆ.

"ಹಾಳೆಗೆ ಅಂಟಿದ ಮಜ್ಜಿಗೆ?"

"ಬಿಡ್ತೀವಾ? ಕೈಯಲ್ಲೇ ಬಳಿದು ಪಾತ್ರೆಗೆ ಹಾಕ್ತೀವಿ. ರುಚಿ ಇರೋದೇ ಅದ್ರಲ್ಲಿ." ಅವರು ಕೆಳಗಿಳಿದು ಒಂದು ಪೊಟ್ಟಣ ತಂದು ನನ್ನ ಕೈಗಿಟ್ಟರು. "ತಗೊಂಡು ಹೋಗು. ನಿಮ್ಮಮ್ಮ ಮಾಡಿದ್ದಕ್ಕಿಂತ ಚೆನ್ನಾಗಿಲ್ಲ ಅಂದ್ರೆ ಹೇಳು. ಇದನ್ನ ನಮ್ಗೆಲ್ಲಾ ಹೇಳಿಕೊಟ್ಟೋಳೇ ಅವಳು."

"ಯಾವುದನ್ನ?"

"ಹಾಳೆ ಮೇಲೆ ಒಣಗ್ಸೋದನ್ನ."

ಇಮ್ತಿಯಾಜ್ ನನ್ನ ಮುಖ ನೋಡಿದ. ನಾನು ಬೆಳಗ್ಗೆ ಎಂಟಕ್ಕೆ ಮನೆ ಬಿಟ್ಟು ಆರಕ್ಕೆ ಬರುವವಳು. ಅಮ್ಮ ಎಂದಿನಂತೆ ಅಂಗಳದಲ್ಲೇ ಚಾಪೆ ಹಾಕುತ್ತಾಳೆ ಅಂದುಕೊಂಡಿದ್ದೆ. ಕೊಠಡಿಗೆ ಮರಳಿ ಪರದೆಯ ಮೇಲೆ ನಮ್ಮ ಬೀದಿಯನ್ನು ಹಿಗ್ಗಿಸಿದೆ. ನಮ್ಮ ಮನೆ ಇನ್ನೂ ತೀರಿಕೊಂಡ ಅಪ್ಪನ ಹೆಸರಿನಲ್ಲಿದೆ, ಹಾಗಾಗಿ ಪಟ್ಟಿ ಓದುವಾಗ ನನಗೆ ಹೊಳೆದಿರಲಿಲ್ಲ. ಹನ್ನೊಂದರಲ್ಲಿ ಎಲ್ಲಕ್ಕಿಂತ ಹೆಚ್ಚು ಹೊಳೆಯುತ್ತಿದ್ದ ಚುಕ್ಕೆ ಅದೇ.

* * *

ಪ್ರಯೋಗಾಲಯದಲ್ಲಿ ಎರಡು ದಿನ ಹಿಡಿಯಿತು.

ಉಪ್ಪನ್ನು ಪರೀಕ್ಷಿಸಿದ್ದೆ, ಹುಳಿಯನ್ನು ಪರೀಕ್ಷಿಸಿದ್ದೆ, ಕಾವನ್ನು ಪರೀಕ್ಷಿಸಿದ್ದೆ. ಮೂರನ್ನೂ ಬೆಣ್ಣೆಯ ಜಿಡ್ಡಿನ ಜೊತೆ ಸೇರಿಸಿ, ದಿನಕ್ಕೆ ಏಳು ತಾಸು, ಅದೇ ಜಾಗದಲ್ಲಿ ದಿನದಿನವೂ ಯಾರಾದರೂ ಹಚ್ಚುತ್ತಾರೆ ಎಂದು ನನಗೆ ಹೊಳೆದಿರಲಿಲ್ಲ. ನೀರನ್ನು ತಡೆಯುವ ಮೇಲ್ಪದರ ಆ ಜಿಡ್ಡಿಗೆ, ಆ ಕಾವಿಗೆ ಮೆತ್ತಗಾಗಿ ಉಬ್ಬಿತ್ತು. ಹುಳಿ ಒಳಗೆ ಇಳಿದಿತ್ತು. ಮಜ್ಜಿಗೆಯಲ್ಲಿ ಕ್ಯಾಲ್ಸಿಯಂ ಇರುತ್ತದೆ. ನನ್ನ ಕೊಂಡಿಗಳು ಸೀಸವನ್ನು ಬಿಟ್ಟು ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡಿದ್ದವು.

ಗಡಿಯಲ್ಲಿ ಮಿಕ್ಕಿದ್ದ ಸಡಿಲ ಸೀಸವೇ ಇಷ್ಟು ದಿನ ಅಲ್ಲಲ್ಲಿ ವಿದ್ಯುತ್ತನ್ನು ನುಂಗುತ್ತಿತ್ತು. ಅದು ಹೊರಟುಹೋದದ್ದೇ ದಾರಿ ಸಲೀಸಾಯಿತು. ಹಾಳೆ ಹೊಳೆಯಿತು, ಚುಕ್ಕೆ ಹೊಂಬಣ್ಣವಾಯಿತು. ನಾನು ಎಂಟು ವರ್ಷ ಹುಡುಕಿದ ಸುಧಾರಣೆಯನ್ನು ಅಮ್ಮ ಒಂದು ಪಾತ್ರೆ ಮಜ್ಜಿಗೆಯಲ್ಲಿ ಮಾಡಿ ಮುಗಿಸಿದ್ದಳು.

ಹೊರಟ ಸೀಸ ಎಲ್ಲಿಗೆ ಹೋಯಿತು ಎನ್ನುವುದಕ್ಕೆ ಜಯಶೀಲಕ್ಕ ಕೊಟ್ಟ ಪೊಟ್ಟಣವಿತ್ತು. ದಿನವೂ ಅದೇ ಮಜ್ಜಿಗೆಗೆ ಮರಳಿ, ದಿನವೂ ಇನ್ನಷ್ಟು ಹೊತ್ತು ತಂದು, ಕೊನೆಯ ತೊಟ್ಟಿನವರೆಗೆ ಇಂಗಿಸಿಕೊಂಡ ಮೆಣಸಿನಕಾಯಿ. ತಿನ್ನುವ ಪದಾರ್ಥದಲ್ಲಿ ಇರಬಹುದಾದ ಮಿತಿಯ ಅರವತ್ತು ಪಟ್ಟು. ಯಂತ್ರ ಕೆಟ್ಟಿರಬೇಕೆಂದು ಮತ್ತೆ ಓಡಿಸಿದೆ. ಅರವತ್ತೆರಡು ಬಂತು.

ಮಧ್ಯಾಹ್ನ ಊಟದ ಹೊತ್ತಿಗೆ ಮನೆಗೆ ಓಡಿದೆ. ಇಂಚರಳ ತಟ್ಟೆಯಲ್ಲಿ ಎರಡು ಬಾಳಕ ಇತ್ತು. ಕೈಹಾಕಿ ಎತ್ತಿಕೊಂಡೆ.

"ಏ, ನಿಂಗೆ ಬೇಕಿದ್ರೆ ಕೇಳ್ಬಾರ್ದಾ!" ಅವಳು ನಗುತ್ತ ಕಸಿಯಲು ಬಂದವಳು ನನ್ನ ಮುಖ ನೋಡಿ ನಿಂತಳು. "ಅಕ್ಕ, ಏನಾಯ್ತು?"

ಎಷ್ಟು ಮೆಲ್ಲಗೆ ಹೇಳಬಹುದೋ ಅಷ್ಟು ಮೆಲ್ಲಗೆ ಹೇಳಿದೆ. ಅಮ್ಮ ಪೂರ್ತಿ ಕೇಳಿದಳು. ಆಮೇಲೆ ಒಳಗೆ ಹೋಗಿ ಕಂಪನಿಯ ಕೈಪಿಡಿ ತಂದು ನನ್ನ ಮುಂದೆ ಹಿಡಿದಳು.

"ಭಾರ ಇಡಬೇಡಿ ಅಂತ ಇದೆ. ಮೆಣಸಿನಕಾಯಿ ಎಷ್ಟು ಭಾರ ಇರ್ತದೆ? ಬೇರೆ ಏನೂ ಬರೆದಿಲ್ಲ ನೋಡು. ನಿಮ್ಮೋರೇ ಕೊಟ್ಟಿದ್ದು. ನೀನೇ ಕೊಟ್ಟಿದ್ದು."

"ನಿನ್ನ ತಪ್ಪು ಅಂತ ನಾನು ಹೇಳ್ತಿಲ್ಲಮ್ಮ."

"ಮೂರು ವರ್ಷದಿಂದ ಮಾಡ್ತಿದೀನಿ ಕಣೆ." ಅಮ್ಮನ ದನಿ ಇಳಿಯಿತು. "ವರ್ಷಾ ವರ್ಷಾ ದಾವಣಗೆರೆಗೂ ಒಂದು ಡಬ್ಬಿ ಕಳಿಸ್ತಿದ್ನಲ್ಲ. ಇವಳಿಗೆ ಇಷ್ಟ ಅಂತ."

ಇಂಚರ ತಟ್ಟೆಯನ್ನೇ ನೋಡುತ್ತಿದ್ದಳು. ಆ ಮಾತಿನ ಮುಂದಿನ ಮಾತು ಮೂವರಿಗೂ ಗೊತ್ತಿತ್ತು.

* * *

ಇಂಚರಳ ರಕ್ತದಲ್ಲಿ ಸೀಸ ಡೆಸಿಲೀಟರಿಗೆ ಹದಿಮೂರು ಮೈಕ್ರೋಗ್ರಾಂ ಎಂದು ಬಂತು. ಐದರ ಕೆಳಗಿರಬೇಕಿತ್ತು.

ವೈದ್ಯೆ ಚೀಟಿಯನ್ನು ಮೇಜಿನ ಮೇಲಿಟ್ಟು, ಮೊದಲು ಇಂಚರಳ ಹತ್ತಿರ ಮಾತಾಡಿದರು, ನನ್ನ ಹತ್ತಿರ ಅಲ್ಲ. "ನೋಡಮ್ಮ, ಸೀಸ ಮೈಗೆ ಕ್ಯಾಲ್ಸಿಯಂ ಥರಾ ಕಾಣುತ್ತೆ. ಮೂಳೆ ತನ್ನದೇ ಅಂದುಕೊಂಡು ಒಳಗೆ ಇಟ್ಕೊಂಡುಬಿಡುತ್ತೆ. ಇನ್ನು ಮೂರು ತಿಂಗಳು ಮಗು ತನ್ನ ಮೂಳೆಗೆ ಅಂತ ನಿನ್ನ ಮೂಳೆಯಿಂದ ಎಳ್ಕೊಳ್ಳುತ್ತೆ. ಆಗ ಅದೂ ಜೊತೆಗೆ ಹೋಗುತ್ತೆ. ಮಾತ್ರೆ ಕೊಡ್ತೀನಿ. ಹಾಲು, ರಾಗಿ, ಸೊಪ್ಪು ಚೆನ್ನಾಗಿ ತಗೋ. ಮೂಳೆಯಲ್ಲಿರೋದು ಆದಷ್ಟು ಅಲ್ಲೇ ಇರಲಿ."

"ಮಗುಗೆ ಏನಾಗುತ್ತೆ ಡಾಕ್ಟ್ರೇ?"

"ಈಗ ಹೊಸದಾಗಿ ಒಳಗೆ ಹೋಗೋದು ಪೂರ್ತಿ ನಿಂತರೆ ತಡ್ಕೊಳ್ಳಬಹುದು. ನಿಲ್ಲಬೇಕು. ಒಂದು ಚೂರೂ ಹೋಗಬಾರದು."

"ಹಿಂದೆ ಎರಡು..." ಎಂದಳು ಇಂಚರ.

"ಅದನ್ನ ಈಗ ಹೇಳೋಕಾಗಲ್ಲಮ್ಮ."

ಹೊರಗೆ ಬಂದಾಗ ಅವಳು ನನ್ನ ತೋಳು ಹಿಡಿದಳು. "ಒಂದು ಚೂರೂ ಅಂದ್ರು. ಮನೇಲಿ ಇನ್ನೆಲ್ಲಿದೆ ನೋಡು ಅಕ್ಕ. ನಿಂಗೆ ಗೊತ್ತಾಗುತ್ತೆ."

ನೋಡಿದೆ. ಡಬ್ಬಿಗಳನ್ನೆಲ್ಲ ಕಟ್ಟಿ ಪ್ರಯೋಗಾಲಯಕ್ಕೆ ಒಯ್ದೆ. ಮಜ್ಜಿಗೆಯ ಪಾತ್ರೆಯನ್ನೂ ಒಯ್ದೆ. ತಾರಸಿಯ ಮಳೆನೀರು ಜಲ್ಲಿ, ಇದ್ದಿಲು ತುಂಬಿದ ಡ್ರಮ್ಮಿನ ಮೂಲಕ ನೆಲದೊಳಗಿನ ಸಂಪಿಗೆ ಇಳಿಯುತ್ತದೆ. ಹಾಳೆ ಹಾಕಿಸಿಕೊಂಡ ಎಲ್ಲ ಮನೆಗಳಲ್ಲೂ ಹಾಗೇ. ಮಳೆ ಹತ್ತಿರವಾಗಿತ್ತು. ನಮ್ಮ ಮನೆಯ ಆ ಪೈಪನ್ನು ಗರಗಸದಿಂದ ಕೊಯ್ದು ಚರಂಡಿಯ ಕಡೆಗೆ ತಿರುಗಿಸಿದೆ. ಬರಿಯ ಮಳೆನೀರಿಗೆ ಸೀಸ ಬಿಡುವುದಿಲ್ಲ ಎಂದು ನನ್ನದೇ ಪರೀಕ್ಷೆ ಹೇಳುತ್ತಿತ್ತು. ಆದರೂ ಇರಲಿ ಎಂದುಕೊಂಡೆ. ಪಕ್ಕದವರಿಗೆ ಹೇಳಲಿಲ್ಲ. ಖಚಿತವಾಗದ್ದನ್ನು ಹೇಳಿ ಬೀದಿಯನ್ನು ಹೆದರಿಸುವುದು ನನ್ನ ಸ್ವಭಾವವಲ್ಲ.

* * *

ಆರಾಧ್ಯ ಸರ್ ನನ್ನ ವರದಿಯ ಮೊದಲ ಪುಟವನ್ನು ಎರಡು ಸಲ ಓದಿದರು. ಕ್ಯಾಲ್ಸಿಯಂ ಸೇರಿದ ಗಡಿ, ನೂರಕ್ಕೆ ಎರಡೂವರೆ ಪಾಲು ಹೆಚ್ಚಿದ ದಕ್ಷತೆ. ಎರಡನೆಯ ಪುಟಕ್ಕೆ ಬಂದಾಗ ಕನ್ನಡಕ ತೆಗೆದಿಟ್ಟರು.

"ನೀವೇ ಬರೆದಿದೀರಿ, 'ಸಾಧ್ಯತೆ ಇದೆ, ಹೆಚ್ಚಿನ ಮಾದರಿಗಳು ಬೇಕು' ಅಂತ."

"ಒಂದು ಪೊಟ್ಟಣ, ಒಂದು ರಕ್ತಪರೀಕ್ಷೆ ಸರ್. ಅದಕ್ಕಿಂತ ಜಾಸ್ತಿ ಹೇಗೆ ಬರೀಲಿ? ಆದರೆ ಇವತ್ತೇ ಎಲ್ಲ ಮನೆಗೂ ಸಂದೇಶ ಹೋಗಬೇಕು. ಸೀಸ ಇದೆ ಅಂತ ಹೇಳಬೇಕು."

"ಸೀಸ ಅನ್ನೋ ಪದ ಹೋದರೆ ನಾಳೆ ಬೆಳಗ್ಗೆ ಜನ ಹಾಳೆ ಕಿತ್ತು ಬೀದಿಗೆ ಹಾಕ್ತಾರೆ. ಕಿತ್ತು ಹರಿದ ಹಾಳೆ, ಮಕ್ಕಳು ಆಡೋ ಬೀದಿ. ಅದು ಬೇಕಾ ನಿಮಗೆ?"

ಅದು ಹೆದರಿಸಲು ಹೇಳಿದ ಮಾತಾಗಿರಬಹುದು. ಆದರೆ ಸುಳ್ಳಲ್ಲ. ಹರಿದ ಅಂಚಿನಿಂದ ಏನು ಉದುರುತ್ತದೆ ಎಂದು ನನ್ನಷ್ಟು ಚೆನ್ನಾಗಿ ಬಲ್ಲವರಿಲ್ಲ. ಒಂದು ಗಂಟೆ ಅವರ ಎದುರು ಕೂತು ಸಂದೇಶ ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ಕೊನೆಗೆ ಇಬ್ಬರಿಗೂ ಒಪ್ಪಿಗೆಯಾದದ್ದು ಇಷ್ಟು:

'ಬಿಸಿಲುಹಾಳೆಯ ಮೇಲೆ ಆಹಾರ ಪದಾರ್ಥಗಳನ್ನು ಒಣಗಿಸಬೇಡಿ. ಹಾಗೆ ಒಣಗಿಸಿದ್ದನ್ನು ತಿನ್ನಬೇಡಿ. ಅವುಗಳ ಅಂಶ ಹಾಳೆಯ ಮೇಲೆ ಉಳಿದಿದ್ದರೆ ಆರೋಗ್ಯಕ್ಕೆ ತೊಂದರೆಯಾಗಬಹುದು.'

ಒಂದೊಂದು ಪದವನ್ನೂ ತೂಗಿ ನೋಡಿದೆ. ಎಲ್ಲವೂ ನಿಜ. ಸಂಜೆ ನಾಲ್ಕಕ್ಕೆ ಊರಿನ ಎಲ್ಲ ಮೊಬೈಲುಗಳೂ ಒಟ್ಟಿಗೆ ಸದ್ದು ಮಾಡಿದವು. ಮನೆಗೆ ಹೋದಾಗ ಅಮ್ಮ ಅದನ್ನು ಓದಿ ಮುಗಿಸಿದ್ದಳು.

"ಸರಿಯಾಗಿ ಬರೆದಿದೀಯ," ಎಂದಳು. ಕೈಪಿಡಿ ತಂದು ತೋರಿಸಿದ ದಿನದಿಂದ ಅವಳು ನನ್ನ ಜೊತೆ ಹೆಚ್ಚು ಮಾತಾಡುತ್ತಿರಲಿಲ್ಲ.

"ನಮ್ಮ ಮಾಳಿಗೆ ಹತ್ತಬೇಡ ಅಮ್ಮ. ಮುಟ್ಟಲೂ ಬೇಡ."

"ಇಲ್ಲ ಬಿಡು."

* * *

ಮರುದಿನ ಶುಕ್ರವಾರ. ಬೆಳಗ್ಗೆ ಹತ್ತಕ್ಕೆ ನಾನೂ ಇಮ್ತಿಯಾಜೂ ಪರದೆಯ ಮುಂದೆ ಕೂತೆವು. ಯಾವುದಾದರೂ ತಾರಸಿಯ ವಿದ್ಯುತ್ ತಗ್ಗಿದರೆ ಅಲ್ಲಿ ಇನ್ನೂ ಒಣಗಿಸುತ್ತಿದ್ದಾರೆ ಎಂದರ್ಥ. ಹತ್ತೂವರೆಯಾಯಿತು. ಹನ್ನೊಂದಾಯಿತು. ಒಂದೂ ತಗ್ಗಲಿಲ್ಲ.

"ನೋಡಿ ಮೇಡಂ, ಜನ ಕೇಳ್ತಾರೆ," ಎಂದ ಅವನು. "ನಮ್ಮನೇಲಿ ನನ್ನ ಮಾತೊಂದು ಬಿಟ್ಟು ಎಲ್ಲಾರ ಮಾತೂ ಕೇಳ್ತಾರೆ."

ಹನ್ನೆರಡರ ಹೊತ್ತಿಗೆ ಹಳೆಯ ಬೀದಿಯ ಒಂದು ಹಸಿರು ಚುಕ್ಕೆ ಹೊಂಬಣ್ಣವಾಯಿತು. ಅದರ ಪಕ್ಕದ್ದೂ. ಆಮೇಲೆ ಎದುರು ಸಾಲಿನ ಮೂರು. ನಾವು ಎಣಿಸುತ್ತಿದ್ದಂತೆಯೇ ಮೂವತ್ತು ದಾಟಿತು, ಅರವತ್ತು ದಾಟಿತು. ಬಾಳಕ ಒಣಗಿಸಿದವರ ಮನೆಗಳಷ್ಟೇ ಅಲ್ಲ, ಎಂದೂ ತಗ್ಗಿರದ ಮನೆಗಳೂ ಏರುತ್ತಿದ್ದವು. ಹಿಂದಿನ ಬಾಗಿಲಿನಿಂದ ಬಂದ ಆರಾಧ್ಯ ಸರ್ ಪರದೆ ನೋಡಿ "ಅಬ್ಬಾ!" ಎಂದರು. ಆ ಉದ್ಗಾರದಲ್ಲಿ ಸಂತೋಷವಿತ್ತು.

"ನಿಮ್ಮ ಮನೆಗೆ ಫೋನ್ ಮಾಡು," ಎಂದೆ ಇಮ್ತಿಯಾಜ್‌ಗೆ. "ಏನು ಮಾಡ್ತಿದಾರೆ ಕೇಳು."

ಅವನ ಹೆಂಡತಿ ಶಬಾನಾಳ ದನಿ ಕೋಣೆಗೆಲ್ಲ ಕೇಳಿಸಿತು. "ಮಾಳಿಗೆ ಮೇಲಿದೀನಿ ರೀ. ಬೀದಿಯೋರೆಲ್ಲಾ ಹಾಳೆ ಉಜ್ತಾ ಇದೀವಿ. ನೀವೇ ಅಲ್ವಾ ಮೆಸೇಜ್ ಕಳಿಸಿದ್ದು, ಅಂಶ ಉಳೀಬಾರ್ದು ಅಂತ?"

"ಏನ್ ಹಾಕಿ ಉಜ್ತಿದೀರ?" ಫೋನಿನ ಹತ್ತಿರ ಬಾಗಿ ನಾನೇ ಕೇಳಿದೆ.

"ಹುಣಸೆಹಣ್ಣು, ಉಪ್ಪು ಮೇಡಂ. ಸೋಪು ಹಾಕಿದ್ರೆ ಆ ಮಜ್ಜಿಗೆ ಜಿಡ್ಡು ಹೋಗಲ್ಲ ಅಂದ್ರು. ಹಿತ್ತಾಳೆ ಪಾತ್ರೆ ಬೆಳಗ್ತೀವಲ್ಲ, ಹಾಗೆ. ಜಿಡ್ಡಿಲ್ದೇ ಇರೋರೂ ಇರ್ಲಿ ಅಂತ ಉಜ್ತಿದಾರೆ. ಕನ್ನಡಿ ಆಗಿದೆ ನೋಡ್ಬೇಕು ನೀವು!"

"ಆಮೇಲೆ ನೀರು ಹಾಕಿ ತೊಳೆದ್ರಾ?"

"ನೀರೆಲ್ಲಿದೆ ಮೇಡಂ? ನಲ್ಲಿ ಬಂದು ನಾಕು ದಿನ ಆಯ್ತು. ಒದ್ದೆ ಬಟ್ಟೇಲಿ ಒರೆಸಿ ಬಿಟ್ಟಿದೀವಿ. ಹೆಂಗಿದ್ರೂ ಮೋಡ ಹಾಕಿದೆ, ಮಳೆ ಬಂದ್ರೆ ಅದೇ ತೊಳ್ಕೊಳ್ಳುತ್ತೆ."

ಹುಣಸೆಯ ಹುಳಿ ಮಜ್ಜಿಗೆಯ ಹುಳಿಗಿಂತ ಸೀಸಕ್ಕೆ ಹತ್ತಿರದ್ದು. ಒಮ್ಮೆ ಹಿಡಿದರೆ ನೀರಿನಲ್ಲಿ ಕರಗಿಸಿ ತನ್ನ ಜೊತೆ ಒಯ್ಯುತ್ತದೆ. ಡ್ರಮ್ಮಿನ ಜಲ್ಲಿ, ಇದ್ದಿಲು ಅದನ್ನು ತಡೆಯಲಾರವು. ಉಪ್ಪಿನ ಹರಳು ತಿಕ್ಕಿದಲ್ಲೆಲ್ಲ ಮೇಲ್ಪದರ ಗೀರಿಹೋಗಿರುತ್ತದೆ. ಪರದೆಯಲ್ಲಿ ಏರುತ್ತಿದ್ದ ಒಂದೊಂದು ತಾರಸಿಯ ಮೇಲೂ ಈಗ ಸಡಿಲ ಸೀಸದ ತೆಳು ಅಂಟು ಹರಡಿಕೊಂಡು ನೀರಿಗಾಗಿ ಕಾದಿತ್ತು.

"ಸರ್, ಇನ್ನೊಂದು ಸಂದೇಶ ಹೋಗಬೇಕು. ಈಗಲೇ. ಮಳೆ ಪೈಪು ಸಂಪಿನಿಂದ ಬಿಡಿಸಿ ಅಂತ."

"ಕೂತ್ಕೊಳ್ಳಿ ಸಹನಾ. ನಿನ್ನೆ ಒಂದು, ಇವತ್ತು ಇನ್ನೊಂದು ಅಂದ್ರೆ..."

"ಸೀಸ ಅಂತ ಬರೀತೀನಿ ಸರ್. ವಿಷ ಅಂತ ಬರೀತೀನಿ."

ಅವರು ಮೇಲಿನವರನ್ನು ಕೇಳಲು ಫೋನ್ ಎತ್ತಿಕೊಂಡರು. ಅಷ್ಟರಲ್ಲಿ ಪರದೆಯ ಪಶ್ಚಿಮದ ಅಂಚಿನಿಂದ ಚುಕ್ಕೆಗಳು ಸಾಲುಸಾಲಾಗಿ ಮಂಕಾಗತೊಡಗಿದವು. ಮೋಡ. ಕಿಟಕಿಯ ಹೊರಗೆ ಧೂಳೆದ್ದು, ಮೊದಲ ಹನಿಗಳು ತಗಡಿನ ಮೇಲೆ ಬಿದ್ದವು. ಇಮ್ತಿಯಾಜ್ ಆಗಲೇ ಶಬಾನಾಳಿಗೆ ಪೈಪು ಬಿಚ್ಚು ಎಂದು ಕೂಗುತ್ತಿದ್ದ. ನಾನು ಮನೆಗೆ 'ಮಳೆನೀರು ಮುಟ್ಟಬೇಡಿ' ಎಂದು ಸಂದೇಶ ಕಳಿಸಿದೆ, ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದೆ.

"ಬನ್ನಿ ಮೇಡಂ," ಎಂದ ಅವನು, ಸ್ಕೂಟರಿನ ಕೀಲಿ ಹಿಡಿದು.

* * *

ಊರೊಳಗೆ ಹೋಗುವಾಗ ಮಳೆ ಮುಖಕ್ಕೆ ಹೊಡೆಯುತ್ತಿತ್ತು. ಜನ ಬಾಗಿಲುಗಳಲ್ಲಿ ನಿಂತು ಕೈಯೊಡ್ಡುತ್ತಿದ್ದರು. ಐದು ತಿಂಗಳ ಮೇಲೆ ಬಂದ ಮಳೆ. ಗೋಡೆಗಳ ಮೇಲಿನಿಂದ ಇಳಿದ ಪೈಪುಗಳು ಗುಳುಗುಳು ಸದ್ದು ಮಾಡುತ್ತಿದ್ದವು.

"ಪೈಪ್ ಬಿಚ್ಚಿ! ಆ ನೀರು ಕುಡೀಬೇಡಿ!" ನಾನು ಹಿಂದೆ ಕೂತು ಕೂಗುತ್ತಿದ್ದೆ. ಯಾರೋ ನಕ್ಕು ಕೈ ಬೀಸಿದರು. ಮಳೆಯಲ್ಲಿ ನನ್ನ ಮಾತು ಎಷ್ಟು ದೂರ ಹೋಗುತ್ತಿತ್ತೋ. ಒಂದು ತಿರುವಿನಲ್ಲಿ ಇಳಿದು ಒಂದು ಮನೆಯ ಪೈಪನ್ನು ಕೈಯಾರೆ ಎಳೆದು ಕಿತ್ತೆ. ಒಳಗಿನಿಂದ ಮುದುಕರೊಬ್ಬರು "ಏಯ್, ಯಾರಮ್ಮ ನೀನು!" ಎಂದು ಬಂದರು. ಅವರಿಗೆ ಹೇಳಿ ಮುಗಿಸುವಷ್ಟರಲ್ಲಿ ಐದು ನಿಮಿಷ. ಹಾಗೆ ಹೇಳಬೇಕಾದ ಮನೆಗಳು ಸಾವಿರಾರು.

ಜಯಶೀಲಕ್ಕನ ಮನೆಯ ಮುಂದೆ ಅವರೇ ಸೆರಗು ತಲೆಗೆ ಹೊದ್ದು ಸಂಪಿನ ಮುಚ್ಚಳ ತೆಗೆದು ಇಣುಕುತ್ತಿದ್ದರು.

"ಸಹನಾ, ನೋಡಿಲ್ಲಿ, ಎಷ್ಟು ತಿಳಿಯಾಗಿದೆ! ಯಾವಾಗ್ಲೂ ಮೊದ್ಲ ಮಳೆ ನೀರು ಹೊರಗೆ ಬಿಡ್ತಿದ್ವಿ, ಮಾಳಿಗೆ ಕೊಳೆ ಇರುತ್ತೆ ಅಂತ. ಈ ಸಲ ಬಿಡೋ ಹಂಗೇ ಇಲ್ಲ. ಬೆಳಗ್ಗೆ ಉಜ್ಜಿ ಉಜ್ಜಿ..."

"ಅಕ್ಕಾ, ಅದನ್ನ ಕುಡೀಬೇಡಿ. ಯಾರಿಗೂ ಕೊಡಬೇಡಿ. ಅದರಲ್ಲಿ ವಿಷ ಇದೆ."

ಅವರ ಮುಖದ ನಗೆ ಒಮ್ಮೆಗೇ ಹೋಗಲಿಲ್ಲ, ಸ್ವಲ್ಪ ಹೊತ್ತು ಹಾಗೇ ನಿಂತಿತ್ತು. "ವಿಷ ಅಂದ್ರೆ? ಸಹನಾ, ನಿಮ್ಮಮ್ಮ ಈಗ ತಾನೇ..."

ನಾನು ಓಡಿದೆ.

ನಮ್ಮ ಮನೆಯ ಪಕ್ಕದಲ್ಲಿ ನಾನು ಕೊಯ್ದ ಪೈಪಿನಿಂದ ನೀರು ಧಾರಾಕಾರವಾಗಿ ಚರಂಡಿಗೆ ಬೀಳುತ್ತಿತ್ತು. ಒಳಗೆ ಅಡುಗೆಮನೆಯಲ್ಲಿ ಎರಡು ಕೊಡಗಳಿದ್ದವು, ಬಾಯಿಗೆ ಬಿಳಿ ಬಟ್ಟೆ ಕಟ್ಟಿದ್ದವು. ಅಮ್ಮ ಒದ್ದೆ ಸೀರೆಯ ಅಂಚು ಹಿಂಡುತ್ತಿದ್ದಳು. ಮೊಬೈಲು ನಡುಮನೆಯ ಕಿಟಕಿಯಲ್ಲಿ ಮಿನುಗುತ್ತಿತ್ತು.

"ನಲ್ಲಿ ಇವತ್ತೂ ಬರ್ಲಿಲ್ಲ," ಎಂದಳು ಅಮ್ಮ. "ನಮ್ಮ ಸಂಪಲ್ಲಿ ತಳ ಕಾಣ್ತಿತ್ತು. ನಮ್ಮ ಮಾಳಿಗೆ ನೀರು ಬೇಡ ಅಂದಿದ್ಯಲ್ಲ, ಮುಟ್ಟಿಲ್ಲ ಕಣೆ. ಜಯಶೀಲಂದು ತೊಳೆದು ಚೊಕ್ಕ ಮಾಡಿದ ಮಾಳಿಗೆ ಅಂತ ಅಲ್ಲಿಂದ ತಂದೆ."

ಇಂಚರ ಗೋಡೆಗೆ ಒರಗಿ ಕೂತಿದ್ದಳು. ಮುಖದಲ್ಲಿ ಎಷ್ಟೋ ದಿನದ ಮೇಲೆ ಕಂಡ ನಿರಾಳ. ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಕೈಯಲ್ಲಿ ಸ್ಟೀಲಿನ ಲೋಟ.

"ಬೆಳಗ್ಗಿಂದ ಗಂಟಲು ಒಣಗಿಹೋಗಿತ್ತು ಅಕ್ಕ. ಎಷ್ಟು ತಣ್ಣಗಿದೆ ಗೊತ್ತಾ? ಸ್ವಲ್ಪ ಹುಳಿ ಹುಳಿ. ಅಮ್ಮ ಲೋಟ ಸರಿಯಾಗಿ ತೊಳೆದಿಲ್ಲ ಅಂತ ಬೈದೆ." ಅವಳು ನಕ್ಕಳು. ಆಮೇಲೆ ನನ್ನನ್ನು ನೋಡಿ ನಗು ನಿಲ್ಲಿಸಿದಳು. "ಯಾಕೆ? ಏನು? ಹೇಳು ಅಕ್ಕ."

ಅವಳ ಕೈಯಿಂದ ಲೋಟ ತೆಗೆದುಕೊಂಡೆ. ತಳದಲ್ಲಿ ಒಂದೇ ಒಂದು ಗುಟುಕು ಉಳಿದಿತ್ತು.